ಆಪರೇಷನ್ ಬ್ಲೇಡಿನ ಮೇಲಿನ ನಂಬರ್ ಏನು ಹೇಳ್ತದ?

ನಾನು ಬಿ.ಕಾಂ ಓದಿದವ, ಡಾಕ್ಟರ್ ಅಲ್ಲ. ಆದ್ರೆ ಮೊನ್ನೆ ನಮ್ಮ ಕಾಕಾ ಹೊಲದಿಂದ ಬಂದವರೇ ಕಾಲಿನ ಕುರುವನ್ನ ಗಡ್ಡದ ಬ್ಲೇಡಿನಿಂದ ಕೊಯ್ಕೊಳ್ಳೋಕೆ ಕೂತಿದ್ರು. "ಬೆಂಕಿಗೆ ಹಿಡದೀನಲ್ಲೋ, ಏನಾಗ್ತದ?" ಅಂದ್ರು. ಹೆಂಗೋ ಒಪ್ಪಿಸಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿ ಕವರ್ ಹರಿದು ತೆಗೆದ ಬ್ಲೇಡಿನ ಮೇಲೆ 11 ಅಂತ ಇತ್ತು.

ಈ ನಂಬರ್ ಹೇಳೋದು ಆಕಾರವನ್ನ, ಹರಿತವನ್ನಲ್ಲ. 10ರ ಬಾಯಿ ಬಾಗಿರುತ್ತೆ, ಚರ್ಮವನ್ನ ಉದ್ದಕ್ಕೆ ಕೊಯ್ಯೋಕೆ. 11ರದು ಚೂಪು ಮೂತಿ, ಕುರು ಚುಚ್ಚಿ ಕೀವು ತೆಗೆಯೋಕೆ. 12 ಕುಡುಗೋಲಿನಂಗ ಬಾಗಿರುತ್ತೆ. 15 ಅಂದ್ರೆ 10ರ ಸಣ್ಣ ತಮ್ಮ, ಸೂಕ್ಷ್ಮ ಕೆಲಸಕ್ಕೆ. ಇವೆಲ್ಲ 3ನೇ ನಂಬರ್ ಹಿಡಿಗೆ ಕೂಡ್ತಾವ. 20ರಿಂದ 24 ದೊಡ್ಡವು, ಅವಕ್ಕೆ 4ನೇ ನಂಬರ್ ಹಿಡಿ. ಬ್ಲೇಡು ಬದಲಿಸಿ ಹಿಡಿ ಉಳಿಸಿಕೊಳ್ಳೋ ಇಂಥ ವಿನ್ಯಾಸಕ್ಕೆ ಅಮೆರಿಕದ ಮಾರ್ಗನ್ ಪಾರ್ಕರ್ 1915ರಲ್ಲಿ ಪೇಟೆಂಟ್ ಪಡೆದ.

ಇನ್ನು ಲೋಹ. ಕಾರ್ಬನ್ ಸ್ಟೀಲ್ ಬ್ಲೇಡು ಬಹಳ ಹರಿತ, ಆದ್ರೆ ತೇವಕ್ಕೆ ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕನ್ನ ತಡೆಯುತ್ತೆ. ಕಣ್ಣಿನ ಕೆಲವು ಆಪರೇಷನ್‌ಗೆ ವಜ್ರದ ಅಲಗೂ ಉಂಟು.

ಹಂಗಾದ್ರೆ ಗಡ್ಡದ ಬ್ಲೇಡು ಯಾಕೆ ಬ್ಯಾಡ? ಅದೂ ಸ್ಟೀಲೇ, ಹರಿತಾನೂ ಐತಿ. ಆದ್ರೆ ಅದು ತೆಳು, ಬಾಗುತ್ತೆ, ಹಿಡಿ ಇಲ್ಲ. ಎಷ್ಟು ಆಳ ಹೋಗುತ್ತೆ ಅನ್ನೋದು ಕೈಯಾಗ ಇರಲ್ಲ. ಮುಖ್ಯವಾಗಿ, ಅದು ಕ್ರಿಮಿರಹಿತ ಅಲ್ಲ. ಬೆಂಕಿಗೆ ಒಂದು ಸಲ ತೋರಿಸಿದ್ರೆ ಎಲ್ಲ ಕ್ರಿಮಿ ಸಾಯ್ತಾವ ಅನ್ನೋ ಖಾತ್ರಿ ಇಲ್ಲ. ಧನುರ್ವಾಯು ಬರೋದು ತುಕ್ಕಿನಿಂದ ಅಂತ ಬಹಳ ಮಂದಿ ತಿಳ್ಕೊಂಡಿದ್ದಾರೆ. ಅದರ ಕ್ರಿಮಿ ಇರೋದು ಮಣ್ಣಿನಾಗ, ಸಗಣಿಯಾಗ. ಬರಿಗಾಲಲ್ಲಿ ಹೊಲ ತುಳಿದು ಬಂದ ಕಾಲಿಗೆ ಗಾಯ ಮಾಡಿಕೊಂಡ್ರೆ ಅದಕ್ಕೆ ನಾವೇ ಬಾಗಿಲು ತೆಗೆದಂಗ. ಹೊಕ್ಕುಳಬಳ್ಳಿ ಕೊಯ್ಯೋದಕ್ಕೂ ಇದೇ ಮಾತು.

ಆಸ್ಪತ್ರೆಯಲ್ಲಿ ಮೂರು ಸಂಗತಿ ನೋಡ್ರಿ. ಕವರ್ ನಿಮ್ಮ ಮುಂದೇನೇ ಹರಿದ್ರಾ? ಅದರ ಮೇಲಿನ ಅವಧಿ ಮುಗಿದಿಲ್ಲ ತಾನೇ? ಬಳಸಿದ ಬ್ಲೇಡು ಚುಚ್ಚಿದ್ರೂ ತೂತಾಗದ ಬಿಳಿ ಡಬ್ಬಿಗೆ ಹೋಯ್ತಾ? 2016ರ ವೈದ್ಯಕೀಯ ತ್ಯಾಜ್ಯ ನಿಯಮ ಹೇಳೋದೂ ಆ ಡಬ್ಬಿಯನ್ನೇ. ಕವರ್ ಮೇಲೆ 2 ಅಂತ ಬರೆದು ಗೆರೆ ಎಳೆದ ಗುರುತು ಇದ್ರೆ, ಎರಡನೇ ಸಲ ಬಳಸಬಾರದು ಅಂತ ಅರ್ಥ.

ಕೇಳೋದಕ್ಕೆ ಸಂಕೋಚ ಬ್ಯಾಡ್ರಿ. ಬ್ಲೇಡಿನ ಬೆಲೆ ಕೆಲವೇ ರೂಪಾಯಿ, ಕಾಲು ನಮ್ಮದು. ಮುಂದಿನ ವಾರ ಮತ್ತೆ ಸಿಗೋಣ.