ರಾತ್ರಿ ಪಾಳಿಯವರ ಹಗಲುನಿದ್ದೆ ಕಾಪಾಡಿ

ಭೋಸರಿಯ ಕನ್ನಡ ಬಂಧುಗಳೇ,

ನಿಮ್ಮ ಮಗನೋ ಸೊಸೆಯೋ ಕಂಪನಿಯ ಸರ್ವಿಸ್ ಡೆಸ್ಕಿನಲ್ಲಿ ರಾತ್ರಿ ಪಾಳಿ ಮಾಡುತ್ತಾರೆಯೇ? ಪಾಸ್‌ವರ್ಡ್ ಮರೆತವರ, ಲ್ಯಾಪ್‌ಟಾಪ್ ಕೈಕೊಟ್ಟವರ ಸಿಟ್ಟನ್ನೆಲ್ಲ ಕೇಳಿ ಮನೆಗೆ ಬರುತ್ತಾರೆ. ಬೆಳಗಿನ ಬಿಸಿಲು ಮೆದುಳಿಗೆ ‘ಏಳು’ ಎನ್ನುತ್ತದೆ. ಹಾಗಾಗಿ ಹಗಲುನಿದ್ದೆ ಬೇಗ ಒಡೆಯುತ್ತದೆ.

👉 ಕೋಣೆಗೆ ದಪ್ಪ ಪರದೆ ಹಾಕಿ, ಟಿವಿ ಸದ್ದು ತಗ್ಗಿಸಿ. ಊಟಕ್ಕೆಂದು ಎಬ್ಬಿಸಬೇಡಿ.

👉 ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಪಾಳಿಯ ಕೊನೆಯಲ್ಲಿ ಚಹಾ ಬೇಡ.

👉 ಕಣ್ಣಿಗಾಗಿ 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡು ನೋಡಲಿ.

👉 ತೂಕಡಿಕೆ ಇದ್ದರೆ ನಾಶಿಕ್ ರಸ್ತೆಯಲ್ಲಿ ಬೈಕ್ ಓಡಿಸುವುದು ಬೇಡ. 20 ನಿಮಿಷ ಮಲಗೆದ್ದು ಹೊರಡಲಿ.

👉 ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416: ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.

ರಾತ್ರಿಯಿಡೀ ಊರವರ ತೊಂದರೆ ಕೇಳುವವರ ತೊಂದರೆಯನ್ನು ಮನೆಯವರಾದರೂ ಕೇಳೋಣ. 🙏