ಮಕ್ಕಳ ಮೊದಲ ನೌಕರಿಗೆ ಹೊಲದ ಕೆಲಸವೂ ಅನುಭವವೇ

ಓದು ಮುಗಿಸಿದ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಈ ಮಾತು ನಿಮಗೆ ಹೊಸದಲ್ಲ: "ಅನುಭವ ಇದ್ದವರಿಗೆ ಮಾತ್ರ ಕೆಲಸ ಅಂತಾರಪ್ಪಾ. ಕೆಲಸವೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು?" ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ದಾರಿ ಕಾಣದೆ ಕರೆಯುವ ಹಸುವನ್ನು ಮಾರಿ, ಜಮೀನು ಅಡವಿಟ್ಟು ದಲ್ಲಾಳಿಯ ಕೈಗೆ ಹಣ ಕೊಟ್ಟ ಮನೆಗಳೂ ಉಂಟು. ಆ ಯೋಚನೆ ಬರುವ ಮೊದಲು, ನಿಮ್ಮ ಮಕ್ಕಳಿಗೆ ನಿಜವಾಗಿಯೂ ಅನುಭವವಿಲ್ಲವೇ ಎಂಬುದನ್ನು ವಿಚಾರ ಮಾಡಿ ನೋಡಿ.

ಅನುಭವ ಇದ್ದೂ ಇಲ್ಲವೆನ್ನುವುದು

ಹನಿ ನೀರಾವರಿ ಉಪಕರಣಗಳ ಅಂಗಡಿಯೊಂದಕ್ಕೆ ಹುಡುಗ ಬೇಕಾಗಿದ್ದಾನೆ ಎಂದಿಟ್ಟುಕೊಳ್ಳಿ. "ಹಿಂದೆ ಎಲ್ಲಾದರೂ ಕೆಲಸ ಮಾಡಿದ್ದೀಯಾ?" ಎಂದು ಮಾಲೀಕರು ಕೇಳುತ್ತಾರೆ. "ಇಲ್ಲ ಸಾರ್, ಮನೆಯಲ್ಲೇ ಇದ್ದೆ" ಎಂದು ಹುಡುಗ ತಲೆ ತಗ್ಗಿಸುತ್ತಾನೆ. ಆದರೆ ಅದೇ ಹುಡುಗ ಮೂರು ವರ್ಷದಿಂದ ಟೊಮ್ಯಾಟೊ ತಾಕಿನಲ್ಲಿ ಫಿಲ್ಟರ್ ತೊಳೆದಿದ್ದಾನೆ, ಕೊಳವೆಗಳ ತುದಿ ಬಿಚ್ಚಿ ಕಸ ಹೊರಹಾಕಿದ್ದಾನೆ, ವೆಂಚುರಿಯ ಮೂಲಕ ಗೊಬ್ಬರ ಕೊಟ್ಟಿದ್ದಾನೆ. ಮಾಲೀಕರಿಗೆ ಬೇಕಾದದ್ದು ಇದೇ. ಅವನು ಅದನ್ನು ಕೆಲಸವೆಂದು ಎಣಿಸಲಿಲ್ಲ, ಆದ್ದರಿಂದ ಹೇಳಲೂ ಇಲ್ಲ.

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಬಂದು ರೈತರ ಜೊತೆ ಕೆಲಸ ಕಲಿಯುವುದನ್ನು ನೀವು ನೋಡಿರಬಹುದು. ಅದಕ್ಕೆ 'ಗ್ರಾಮೀಣ ಕೃಷಿ ಕಾರ್ಯಾನುಭವ' ಎಂದು ಹೆಸರು. ಅವರು ಅನುಭವ ಪಡೆಯಲು ಬರುವುದು ನಿಮ್ಮ ಹೊಲಕ್ಕೇ. ಅವರು ಮಾಡಿದ್ದನ್ನು ಬರೆದಿಡುತ್ತಾರೆ, ನಿಮ್ಮ ಮಕ್ಕಳು ಬರೆದಿಡುವುದಿಲ್ಲ. ವ್ಯತ್ಯಾಸ ಬಹಳಮಟ್ಟಿಗೆ ಇಷ್ಟೇ.

ಅಳತೆಯಲ್ಲಿ ಹೇಳಬೇಕು

"ವ್ಯವಸಾಯ ಗೊತ್ತು" ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಕೆಲಸವನ್ನು ಬಿಡಿಬಿಡಿಯಾಗಿ, ಲೆಕ್ಕದೊಂದಿಗೆ ಹೇಳಬೇಕು. ಕೆಲವು ಉದಾಹರಣೆಗಳು:

1. "ಔಷಧಿ ಹೊಡೆದಿದ್ದೇನೆ" ಎನ್ನುವ ಬದಲು: "ಲೀಟರಿಗೆ 2 ಮಿ.ಲೀ. ಪ್ರಮಾಣವಾದರೆ 16 ಲೀಟರಿನ ಟ್ಯಾಂಕಿಗೆ 32 ಮಿ.ಲೀ. ಎಂದು ಲೆಕ್ಕ ಹಾಕಿ ಬೆರೆಸಬಲ್ಲೆ. ಡಬ್ಬಿಯ ಮೇಲಿನ ಬಣ್ಣದ ಗುರುತು ಓದಬಲ್ಲೆ." ಗೊಬ್ಬರ, ಔಷಧಿ ಅಂಗಡಿಯವರಿಗೆ ಇದು ಬೇಕು.

2. "ಹಾಲು ಹಾಕಿ ಬರುತ್ತಿದ್ದೆ" ಎನ್ನುವ ಬದಲು: "ನಾಲ್ಕು ಹಸುಗಳ ಹಾಲು, ಮೇವು, ಹಿಂಡಿ, ಗರ್ಭ ಕಟ್ಟಿಸಿದ ದಿನ, ಇವುಗಳ ಲೆಕ್ಕ ಎರಡು ವರ್ಷ ಇಟ್ಟಿದ್ದೇನೆ." ಹಾಲಿನ ಸಂಘ, ಡೈರಿ ಫಾರಂಗಳಲ್ಲಿ ಈ ಮಾತಿಗೆ ಬೆಲೆಯಿದೆ.

3. "ರೇಷ್ಮೆ ಮನೆಯಲ್ಲಿ ಸಹಾಯ ಮಾಡಿದ್ದೇನೆ" ಎನ್ನುವ ಬದಲು: "ಇಷ್ಟು ಮೊಟ್ಟೆಯ ಇಷ್ಟು ಬೆಳೆ ಸಾಕಿದ್ದೇನೆ. ಹುಳುಮನೆಯ ಉಷ್ಣಾಂಶ, ತೇವಾಂಶ ನೋಡಿ ಬರೆದಿಟ್ಟಿದ್ದೇನೆ." ಚಾಕಿ ಸಾಕಣೆ ಕೇಂದ್ರಕ್ಕೆ ಇಂಥವರೇ ಬೇಕು.

ಹಾಲು, ಹುಳು, ಸಸಿಮಡಿಯ ಕೆಲಸದಲ್ಲಿ ಹೆಚ್ಚಿನ ಪಾಲು ಹೆಣ್ಣುಮಕ್ಕಳದು. "ನಾನೇನೂ ಮಾಡಿಲ್ಲ" ಎಂದು ಹೆಚ್ಚಾಗಿ ಹೇಳುವವರೂ ಅವರೇ. ಮಗಳಿಗೆ ಈ ವಿಷಯವನ್ನು ಮೊದಲು ತಿಳಿಸಿ.

ಆದರೆ ಮಾಡದ ಕೆಲಸವನ್ನು ಮಾತ್ರ ಹೇಳಬಾರದು. ಮಾಡಿ ತೋರಿಸು ಎಂದಾಗ ಗುಟ್ಟು ಹೊರಬೀಳುತ್ತದೆ.

ಪುಸ್ತಕ ಮತ್ತು ಪತ್ರ

ಇಂದಿನಿಂದಲೇ ಮಗನ ಅಥವಾ ಮಗಳ ಕೈಗೆ ಒಂದು ನೋಟುಪುಸ್ತಕ ಕೊಡಿ. ತಾರೀಖು, ಮಾಡಿದ ಕೆಲಸ, ಬಳಸಿದ ಸಾಮಗ್ರಿ, ಖರ್ಚು, ಫಲ, ಈ ಐದು ಕಲಮು ಸಾಕು. ಒಂದು ಬೆಳೆಯ ಅವಧಿ ಬರೆದರೆ ಸಂದರ್ಶನದಲ್ಲಿ ತೋರಿಸಲು ಬೇಕಾದಷ್ಟು ಸಿಗುತ್ತದೆ. ನಿಮ್ಮ ಬೇಸಾಯದ ಲೆಕ್ಕವೂ ಸರಿಯಾಗುತ್ತದೆ.

ಹೆತ್ತವರ ಹೊಗಳಿಕೆಯನ್ನು ಹೊರಗಿನವರು ನಂಬುವುದಿಲ್ಲ. ಆದ್ದರಿಂದ ರಜೆಯಲ್ಲಿ ಒಂದೆರಡು ತಿಂಗಳು ಸಸ್ಯಕ್ಷೇತ್ರದಲ್ಲೋ, ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲೋ, ಹಾಲಿನ ಸಂಘದಲ್ಲೋ ಕೆಲಸಕ್ಕೆ ಬಿಡಿ. ಕೂಲಿ ಕಡಿಮೆಯಾದರೂ ಚಿಂತೆಯಿಲ್ಲ. ಮುಗಿದ ಮೇಲೆ ಯಾವ ಕೆಲಸ, ಎಷ್ಟು ದಿನ ಎಂದು ಮಾಲೀಕರ ರುಜುವಿರುವ ಪತ್ರ ಪಡೆಯಿರಿ. ಮುಂದಿನ ಅರ್ಜಿಗೆ ಅದೇ ಆಧಾರ.

ಅನುಭವ ಕೇಳದ ಬಾಗಿಲುಗಳು

ಅನುಭವವಿಲ್ಲದವರಿಗೆಂದೇ ಇರುವ ಅವಕಾಶಗಳೂ ಇವೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆ, ಸಂಸ್ಥೆಗಳಲ್ಲಿ ಕರಾರಿನ ಮೇಲೆ ಕೆಲಸ ಕಲಿಯಬಹುದು, ಕಲಿಯುವಾಗ ಶಿಷ್ಯವೇತನವೂ ದೊರೆಯುತ್ತದೆ. ಐ.ಟಿ.ಐ. ಮುಗಿಸಿದವರಿಗೆ ಇದು ಒಳ್ಳೆಯ ದಾರಿ. ಅವಧಿ ಮುಗಿದ ಮೇಲೆ ಅಲ್ಲೇ ನೌಕರಿ ಕೊಡಲೇಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲ ಎಂಬುದನ್ನು ತಿಳಿದಿರಬೇಕು. ಆದರೂ ಅಲ್ಲಿ ಕಳೆದ ಕಾಲ ಮುಂದಿನ ಅರ್ಜಿಯಲ್ಲಿ ಅನುಭವವಾಗಿ ನಿಲ್ಲುತ್ತದೆ. ಹತ್ತಿರದ ಐ.ಟಿ.ಐ.ಯಲ್ಲಿ ವಿಚಾರಿಸಿ.

ಸ್ವಂತ ಕಸುಬು ಮಾಡಬೇಕೆನ್ನುವವರಿಗೆ ಬೇರೊಂದು ದಾರಿಯಿದೆ. 1982ರಲ್ಲಿ ಉಜಿರೆಯಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಕರಿಗೆ ಊಟ, ವಸತಿಯೊಡನೆ ಉಚಿತ ತರಬೇತಿ ಕೊಡುವ ಪದ್ಧತಿಯನ್ನು ತೋರಿಸಿಕೊಟ್ಟಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ಹೈನುಗಾರಿಕೆ, ಹೊಲಿಗೆ, ಮೋಟಾರು ರಿಪೇರಿಯಂಥ ಕಸುಬುಗಳನ್ನು ಅಲ್ಲಿ ಕಲಿಸುತ್ತಾರೆ. ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ವಿಳಾಸ ಕೇಳಿ. ಕೃಷಿ ವಿಜ್ಞಾನ ಕೇಂದ್ರಗಳೂ ಗ್ರಾಮೀಣ ಯುವಕರಿಗೆ ಅಲ್ಪಾವಧಿಯ ತರಬೇತಿ ನಡೆಸುತ್ತವೆ.

ಎಚ್ಚರಿಕೆ

- ಕೆಲಸ ಕೊಡಿಸುತ್ತೇನೆಂದು ಮುಂಗಡ ಅಥವಾ ಠೇವಣಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.
- ಅಂಕಪಟ್ಟಿಯ ನಕಲು ಪ್ರತಿ ಕೊಡಿ. ಮೂಲಪ್ರತಿಯನ್ನು ತೋರಿಸಿ ವಾಪಸು ತನ್ನಿ.
- ಬರೆದುಕೊಟ್ಟ ಕಾಗದವನ್ನು ಪೂರ್ತಿ ಓದದೆ ರುಜು ಹಾಕಬೇಡಿ.

ಮೊದಲ ನೌಕರಿಯ ಸಂಬಳ ಸಣ್ಣದಿರಬಹುದು. ಎರಡನೆಯ ನೌಕರಿ ಕೇಳುವಾಗ "ಅನುಭವ ಇದೆಯೇ?" ಎಂಬ ಪ್ರಶ್ನೆಗೆ ಹೆದರಬೇಕಾಗಿಲ್ಲ, ಅದೇ ದೊಡ್ಡ ಲಾಭ. ಹಸು ಹಟ್ಟಿಯಲ್ಲೇ ಇರಲಿ, ಜಮೀನು ನಿಮ್ಮ ಹೆಸರಿನಲ್ಲೇ ಇರಲಿ. ಇಂದು ಸಂಜೆ ಹಾಲು ಕರೆದು ಬಂದ ಮೇಲೆ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು ಈ ವರ್ಷ ಮಾಡಿದ ಕೆಲಸಗಳನ್ನು ಒಂದೊಂದಾಗಿ ಬರೆಸಿ. ಪಟ್ಟಿ ಒಂದು ಪುಟದಲ್ಲಿ ಮುಗಿಯುವುದಿಲ್ಲ.