ಅಪರೂಪಕ್ಕೆ ಅಲೆ ಏರುವವರಿಗೆ ಎಷ್ಟಡಿ ಬೋರ್ಡ್?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಆರಡಿ ಸರ್ಫ್‌ಬೋರ್ಡಿನ ಫೋಟೋ ಕಳಿಸಿ, "ಮಾವ, ಇದನ್ನ ತಗೊಳ್ಲಾ?" ಎಂದು ಕೇಳಿದ. ಬೇಡ ಅಂದೆ. ಹೊಳಲ್ಕೆರೆಯ ನಾನಾಗಲಿ ಅವನಾಗಲಿ, ಹಬ್ಬದ ರಜೆಗೆ ಭಾನುವಾರ ಕೂಡಿಬಂದಾಗ ಘಟ್ಟ ಇಳಿದು ಮೂಲ್ಕಿಗೆ ಹೋಗಿಬರುವವರು. ಇಂಥವರಿಗೆ ಆರಡಿ ಬೋರ್ಡ್ ಸಲ್ಲದು.

ಅವನ ಆಸೆ ಎಲ್ಲಿಂದ ಬಂತೆಂದು ಗೊತ್ತು. ಮೂಲ್ಕಿಯಲ್ಲಿ 2004ರಲ್ಲಿ 'ಸರ್ಫಿಂಗ್ ಸ್ವಾಮಿ' ಜ್ಯಾಕ್ ಹೆಬ್ನರ್ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೇ ನಡೆಯಿತು. ಸ್ಪರ್ಧೆಗಳಲ್ಲಿ ಅಲೆಯ ಮೇಲೆ ಗಿರ್ರನೆ ತಿರುಗುವವರ ಕಾಲಡಿಯಲ್ಲಿರುವುದು ಆರಡಿ ಆಸುಪಾಸಿನ, ತೆಳ್ಳಗಿನ, ಮೂತಿ ಚೂಪಾದ ಬೋರ್ಡ್. ಅದು ವರ್ಷವಿಡೀ ನೀರಿನಲ್ಲಿರುವವರದು.

ಉದ್ದಕ್ಕಿಂತ ಮೊದಲು ನೋಡಬೇಕಾದದ್ದು ಲೀಟರ್. ಉದ್ದ, ಅಗಲ, ದಪ್ಪ ಸೇರಿ ಬೋರ್ಡ್ ಎಷ್ಟು ಜಾಗ ತುಂಬುತ್ತದೆ ಎಂಬ ಈ ಅಳತೆಯನ್ನು ಅನೇಕ ಬೋರ್ಡುಗಳ ಮೇಲೇ ಬರೆದಿರುತ್ತಾರೆ. ತೋಟದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 70 ಕೆ.ಜಿ. ತೂಕದ ನುರಿತ ಸ್ಪರ್ಧಿಗೆ 27-28 ಲೀಟರ್ ಸಾಕು. ಅಷ್ಟೇ ತೂಕದ ನಮಗೆ ಕೆ.ಜಿ.ಗೆ ಒಂದು ಲೀಟರಿನಂತೆ 70ರ ಹತ್ತಿರ ಬೇಕು. ಅಂದರೆ ಸುಮಾರು ಎಂಟಡಿ ಉದ್ದ, 22 ಅಂಗುಲ ಅಗಲ, 3 ಅಂಗುಲ ದಪ್ಪ, ಮೇಲೆ ಮೆತ್ತನೆಯ ಫೋಮ್. ತೂಕ 85 ದಾಟಿದವರು ಒಂಬತ್ತಡಿಯದನ್ನೇ ಕೇಳಿ.

ಇದಕ್ಕೆಲ್ಲ ಕಾರಣ ತೋಳು. ಅಲೆ ಹಿಡಿಯಬೇಕಾದರೆ ಬೋರ್ಡಿನ ಮೇಲೆ ಬೋರಲು ಮಲಗಿ, ಕೈಯಿಂದ ನೀರು ಎಳೆಯುತ್ತ ವೇಗ ಗಿಟ್ಟಿಸಬೇಕು. ತಿಂಗಳುಗಟ್ಟಲೆ ಕಡಲು ಮುಟ್ಟದ ಭುಜ ಅರ್ಧ ಗಂಟೆಗೇ ಸೋಲುತ್ತದೆ. ಚಿಕ್ಕ ಬೋರ್ಡ್ ಎದೆಯ ಭಾರಕ್ಕೆ ಮುಳುಗಿ ನೀರನ್ನು ತಳ್ಳುತ್ತ ನಿಲ್ಲುತ್ತದೆ; ಅಲೆ ಕಾಲಡಿಯಿಂದ ಜಾರಿಹೋಗುತ್ತದೆ. ದೊಡ್ಡದು ನೀರಿನ ಮೇಲೆಯೇ ಜಾರುವುದರಿಂದ ಅಲೆ ಕಡಿದಾಗುವ ಮುಂಚೆಯೇ ಅದನ್ನು ಹಿಡಿಯುತ್ತದೆ, ಎದ್ದು ನಿಲ್ಲಲು ಎರಡು ಗಳಿಗೆ ಹೆಚ್ಚು ಸಿಗುತ್ತದೆ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯ ಅಲೆಗಳಿಗೆ ಅಷ್ಟೇನೂ ಬಲವಿರುವುದಿಲ್ಲ, ಹಾಗಾಗಿ ಬೋರ್ಡೇ ಆ ಕೊರತೆ ತುಂಬಬೇಕು. ಜೂನ್-ಜುಲೈ ಮಾತು ಬೇರೆ. ಆಗ ಯಾಂತ್ರಿಕ ದೋಣಿಗಳೇ ನಿಷೇಧದಿಂದ ದಡದಲ್ಲಿರುತ್ತವೆ. ನಮ್ಮಂಥವರು ಇಳಿಯುವ ಕಡಲಲ್ಲ ಅದು.

ದೊಡ್ಡದಕ್ಕೂ ಮಿತಿಯಿದೆ. ನೊರೆಯಲೆ ಎದುರಾದಾಗ ಬೋರ್ಡನ್ನು ನೀರಿನಡಿಗೆ ಅದುಮಿ ದಾಟಲಾಗದು. ಕೈತಪ್ಪಿದರೆ ಪಕ್ಕದವರಿಗೆ ಬಡಿಯುತ್ತದೆ, ಆದ್ದರಿಂದ ಕಾಲಿನ ಹಗ್ಗ ಬೋರ್ಡಿನಷ್ಟೇ ಉದ್ದವಿರಲಿ, ಬಿಚ್ಚಲೇಬೇಡಿ.

ಕೊಳ್ಳುವುದಕ್ಕಿಂತ ಬಾಡಿಗೆ ಲೇಸು. ಚಿತ್ರದುರ್ಗ ಸೀಮೆಯ ಏಪ್ರಿಲ್ ಬಿಸಿಲಲ್ಲಿ, ಮುಚ್ಚಿದ ಕಾರಿನೊಳಗೋ ತಗಡಿನ ಸೂರಿನಡಿಯೋ ಇಟ್ಟರೆ ಫೋಮ್ ಉಬ್ಬಿ ಪದರ ಬಿಡುತ್ತದೆ.

ಹಿಂದಿನ ಸಲ ಎಂಟಡಿಯ ಮೇಲೆ ನಿಂತೆವೆಂದು ಈ ಸಲ ಏಳಕ್ಕೆ ಇಳಿಯಬೇಡಿ. ದಡದ ನೊರೆಯಲ್ಲಲ್ಲ, ಇನ್ನೂ ಒಡೆಯದ ಅಲೆಯನ್ನು ಯಾರೂ ತಳ್ಳದೆ ಹಿಡಿದು, ಎಡಕ್ಕೂ ಬಲಕ್ಕೂ ಹೊರಳಿಸಲು ಬಂದ ಮೇಲೆ ಅರ್ಧ ಅಡಿ ಕಡಿಮೆ ಮಾಡಿ ನೋಡಬಹುದು. ಬಹಳ ದಿನ ಬಿಟ್ಟು ಹೋದಾಗ ಮೊದಲ ದಿನ ಮತ್ತೆ ಎಂಟಡಿಯದನ್ನೇ ಕೇಳಿ ಪಡೆಯಿರಿ.